ಸರದಾರನ ಕಥೆ ಹೇಳಿದ ಚೆನ್ನಪ್ಪ ಮಾಮಾನಿಗೆ

ಪ್ರೀತಿಯ ಚೆನ್ನಪ್ಪ ಮಾಮಾ,

ನಿಮ್ಮ ಸುವರ್ಣಾ ಬರೆಯುತ್ತಿದ್ದೇನೆ. ಕನ್ನಡದಲ್ಲೇ ಬರೆಯುತ್ತಿದ್ದೇನೆ, ಯಾಕೆಂದರೆ ನೀವು ಕನ್ನಡ ಓದಲು ಕಲಿತದ್ದು ನನ್ನ ಪಾಟಿಯ ಮೇಲೆ. ನಾನು ಎರಡನೇ ಇಯತ್ತೆಯಲ್ಲಿದ್ದಾಗ ಸಾಲೆ ಬಿಟ್ಟ ಮೇಲೆ ನಿಮ್ಮ ಅಂಗಡಿಯ ಬಾಕಿನ ಮೇಲೆ ಕೂತು ಅಕ್ಷರ ತಿದ್ದುತ್ತಿದ್ದೆ. ನೀವು ಹಲ್ಲಿನ ಅಚ್ಚಿಗೆ ಮೇಣ ಕಾಸುತ್ತ ಓರೆಗಣ್ಣಿನಿಂದ ನೋಡುತ್ತಿದ್ದಿರಿ. ಒಂದು ದಿನ ಬಳಪ ಕಸಿದುಕೊಂಡು ದೊಡ್ಡದಾಗಿ ಒಂದು 'ಚ' ಬರೆದು, "ಇದು ನಾನಽ ಹೌದಲ್ಲೋ?" ಎಂದು ಕೇಳಿದಿರಿ. ಊರೆಲ್ಲ ಮರಾಠಿ ಬೋರ್ಡು, ಮರಾಠಿ ಪೇಪರು. ನಿಮಗೆ ಕನ್ನಡ ಓದಿ ಆಗಬೇಕಾದದ್ದೇನೂ ಇರಲಿಲ್ಲ. ಆದರೂ ಕಲಿತಿರಿ. ಇವತ್ತು ಅದು ನನ್ನ ಉಪಯೋಗಕ್ಕೆ ಬಂತು. ಒಬ್ಬರ ಮೇಲೆ ನನಗೊಂದು ದೂರು ಇದೆ. ಅದನ್ನು ಕೇಳಬೇಕಾದವರು ನೀವೊಬ್ಬರೇ. ಆ ಒಬ್ಬರು ನನ್ನ ಅಪ್ಪ, ನಿಮ್ಮ ಶಿವಪ್ಪ.

ನೀವು ಅಕ್ಕಲಕೋಟೆಗೆ ಬಂದ ದಿನದ ಮಾತನ್ನು ಅಪ್ಪ ಎಷ್ಟು ಸಲ ಹೇಳಿದ್ದಾರೋ. ಅಪ್ಪ ಆಗಷ್ಟೇ ಮೈಂದರ್ಗಿಯಿಂದ ಬಂದು, ಬಸ್ ಸ್ಟ್ಯಾಂಡಿನಿಂದ ಗುಡಿಯ ಕಡೆ ಹೋಗುವ ದಾರಿಯಲ್ಲಿ ಚಾದರ, ಟಾವೆಲ್ಲಿನ ಅಂಗಡಿ ಹಾಕಿದ್ದರು. ಅದರ ಜೊತೆಗೇ ಹಿಡಿದಿದ್ದ ಪಕ್ಕದ ಖೋಲಿ ಖಾಲಿ ಇತ್ತು. ಸೊಲ್ಲಾಪುರದ ಬಸ್ಸಿನಿಂದ ಇಳಿದ ತೆಳ್ಳನೆಯ ಹುಡುಗನೊಬ್ಬ ಬಂದು, "ಖೋಲಿ ಬಾಡಿಗಿಗಿ ಕೊಡ್ತೀರೇನ್ರಿ? ಹಲ್ಲು ಕಟ್ಟೂ ಕೆಲಸ ಮಾಡ್ತೀನ್ರಿ" ಎಂದನಂತೆ. ಅಪ್ಪ ಅವನ ಮುಖ ನೋಡಿದರು, ಆಮೇಲೆ ಮಾತು ಕೇಳಿಸಿಕೊಂಡರು. "ಮುಖಾ ಎಲ್ಲೀದೋ ಏನೋ, ಬಾಯಿ ಮಾತ್ರ ನಮ್ಮದು" ಎಂದು ನಕ್ಕು ಕೀಲಿ ಕೊಟ್ಟರು. ನಿಮ್ಮ ಹೆಸರು ಚೆನ್. ಅಪ್ಪನ ಬಾಯಲ್ಲಿ ಅದು ಮೊದಲ ದಿನವೇ ಚೆನ್ನಪ್ಪ ಆಯಿತು. 'ಚಾಯನೀಜ್ ದಾತಾಂಚಾ ದವಾಖಾನಾ', ಅಂದರೆ ಚೀನೀ ಹಲ್ಲಿನ ದವಾಖಾನೆ, ಎಂದು ಮರಾಠಿಯಲ್ಲಿ ಬೋರ್ಡು ಬರೆಸಿ, ಅದರ ಮೇಲೊಂದು ಗುಲಾಬಿ ವಸಡಿನ ಹಲ್ಲಿನ ಸಾಲು ಚಿತ್ರ ಮಾಡಿಸಿದವರೂ ಅಪ್ಪನೇ. ಜನ ಡಾಕ್ಟರ ಸಾಹೇಬ್ರ ಅಂದರೆ ನೀವು ಕೈಮುಗಿಯುತ್ತಿದ್ದಿರಿ. "ಡಾಕ್ಟರ ಅಲ್ರೀ ಯಪ್ಪಾ, ನಾ ಹಲ್ಲಿನ ಬಡಿಗ್ಯಾ."

ಅವ್ವ ಮದುವೆಯಾಗಿ ಬಂದ ವರ್ಷದ ರಾಖಿ ಹುಣ್ಣಿಮೆ. ಅವ್ವನಿಗೆ ಅಣ್ಣತಮ್ಮಂದಿರಿಲ್ಲ, ತಂದೆತಾಯಿ ಮೊದಲೇ ತೀರಿಹೋಗಿದ್ದರು. ಓಣಿಯ ಹೆಂಗಸರೆಲ್ಲ ತವರಿಗೆ ಹೊರಟಾಗ ಅವ್ವ ಅಂಗಡಿಯ ಹಿಂದಿನ ಬಾಗಿಲಲ್ಲಿ ಸುಮ್ಮನೆ ಕೂತಿದ್ದಳಂತೆ. ನೀವು ಹೋಗಿ ಮುಂಗೈ ಚಾಚಿ ನಿಂತಿರಿ. "ತಂಗೆವ್ವಾ, ನನಗೂ ಇಲ್ಲಿ ಯಾರೂ ಇಲ್ಲ. ಕಟ್ಟು." ಅಂದಿನಿಂದ ಪ್ರತಿ ಪಂಚಮಿಗೆ ಅವ್ವನಿಗೆ ಸೀರೆ ಬಂತು, ಬಳೆ ಬಂತು, ನನಗೆ ಮಾಮಾ ಬಂದ. ನನ್ನ ಮುಖ ನೋಡಿ, ನಿಮ್ಮ ಮುಖ ನೋಡಿ, ಸಾಲೆಯಲ್ಲಿ ಹುಡುಗಿಯರು ನಗುತ್ತಿದ್ದರು. ನಾನು ಎಂದೂ ಬೇರೆ ವಿವರ ಕೊಡಲಿಲ್ಲ. ನಮ್ಮ ಅವ್ವನ ಅಣ್ಣ ಅಂದರೆ ಮುಗಿಯಿತು.

ಸರದಾರನ ಕಥೆಯನ್ನು ನಾನು ಮೊದಲು ಕೇಳಿದ್ದು ಬೇಸಿಗೆಯ ಒಂದು ಮಧ್ಯಾಹ್ನ. ಆಗ ನಾನು ಹನ್ನೆರಡನೆಯದು ಮುಗಿಸಿ ನಿಮ್ಮ ಹತ್ತಿರ ಕೆಲಸ ಕಲಿಯುತ್ತಿದ್ದೆ. ಅಚ್ಚಿಗೆ ಹಾಕಿದ ಪ್ಲಾಸ್ಟರ್ ಒಣಗುವ ತನಕ ಇಬ್ಬರಿಗೂ ಕೆಲಸವಿರಲಿಲ್ಲ. "ನಮ್ಮ ಅವ್ವ ಒಬ್ಬ ಸೇನಾಪತಿ ಕಥಿ ಹೇಳತಿದ್ಲು" ಎಂದು ಸುರುಮಾಡಿದಿರಿ. ಹೆಸರು ಕೇಳಿದೆ. ಹೇಳಿದಿರಿ. ನಾನು ತಿರುಗಿ ಹೇಳಿದಾಗ ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. "ಬಿಡು, ನಿನ್ನ ನಾಲಗಿ ಹೊರಳೂದಿಲ್ಲ. ಸರದಾರ ಅನ್ನು, ಸಾಕು." ಅವನು ಹುಟ್ಟಿದ ದಿನ ಮನೆಯ ಮೇಲೊಂದು ಮಹಾ ಪಕ್ಷಿ ಹಾರಿತಂತೆ. ಕೂಸಿಗೆ ತಿಂಗಳು ತುಂಬುವ ಮೊದಲೇ ಹೊಳೆ ಒಡೆದು ಊರು ಮುಳುಗಿತಂತೆ. ತಾಯಿ ಕೂಸನ್ನು ಅವಚಿಕೊಂಡು ದೊಡ್ಡ ಹರವಿಯೊಳಗೆ ಕೂತು ತೇಲಿ ದಡ ಸೇರಿದಳಂತೆ. ಬಡವರ ಮನೆಯ ಹುಡುಗ ಬಿಲ್ಲು ಕಲಿತ, ಈಟಿ ಕಲಿತ. ಅಷ್ಟರಲ್ಲಿ ಉತ್ತರದವರು ಕುದುರೆ ಏರಿ ಬಂದು ರಾಜಧಾನಿ ಹಿಡಿದರು, ಇಬ್ಬರು ರಾಜರನ್ನು ಕಟ್ಟಿಕೊಂಡು ಹೋದರು. ಉಳಿದ ಒಬ್ಬ ರಾಜಕುಮಾರ ದಕ್ಷಿಣಕ್ಕೆ ಓಡಿ ಬಂದು ಸಿಂಹಾಸನ ಹಾಕಿದ. ಸರದಾರ ಅವನ ದಂಡಿಗೆ ಹೊರಟು ನಿಂತಾಗ ತಾಯಿ, "ಅಂಗಿ ತೆಗಿ" ಅಂದಳು. ಸೂಜಿ ತಗೊಂಡು ಮಗನ ಬೆನ್ನಿನ ಮೇಲೆ ನಾಲ್ಕೇ ಅಕ್ಷರ ಚುಚ್ಚಿದಳು. ಮೈಯಲ್ಲಿರುವ ನಿಷ್ಠೆಯನ್ನೆಲ್ಲ ನಾಡಿಗೆ ಕೊಡು ಎಂದು ಅದರ ಅರ್ಥ.

ಅಷ್ಟು ಹೊತ್ತಿಗೆ ಅವ್ವ ಚಹಾ ತಗೊಂಡು ಬಂದಿದ್ದಳು, ನೆನಪಿದೆಯೇ? ತನ್ನ ಮುಂಗೈಯ ಹಚ್ಚೆಯನ್ನು ನೋಡಿಕೊಂಡು, "ಬೆನ್ನಿಗ್ಯಾಕ ಹಾಕಿದ್ಲಣ್ಣಾ? ಕೈಗಿ ಹಾಕಿದ್ರ ಅವಗ ದಿನಾ ಕಾಣತಿತ್ತು" ಎಂದು ಕೇಳಿದಳು. ನೀವು ಚಹಾದ ಕಪ್ಪು ಕೆಳಗಿಟ್ಟು ಹೇಳಿದಿರಿ. "ಅವಗ ಕಾಣಬೇಕಾಗಿರ್ಲಿಲ್ಲ ತಂಗೆವ್ವಾ. ಹಿಂದಿನಿಂದ ಬರೋರಿಗಿ ಕಾಣಲಿ ಅಂತ."

ನಿಮ್ಮ ತಾಯಿ ಆ ಕಥೆಯನ್ನು ಎಲ್ಲಿ ಹೇಳಿದರು ಎಂಬುದನ್ನು ನೀವು ಬಹಳ ದಿನ ಹೇಳಲಿಲ್ಲ. ಒಂದು ಸಲ ಸೊಲ್ಲಾಪುರದಿಂದ ಸಾಮಾನು ತಗೊಂಡು ಬರುವಾಗ, ಬಸ್ಸು ಕೆಟ್ಟು ನಿಂತು, ರಸ್ತೆಯ ಬದಿ ಜೋಳದ ಹೊಲದ ಬದುವಿನ ಮೇಲೆ ಕೂತಿದ್ದಾಗ ಬಾಯಿಬಿಟ್ಟಿರಿ. ನೀವು ಹುಟ್ಟಿದ್ದು ಅಸ್ಸಾಮಿನಲ್ಲಿ, ನಿಮ್ಮ ತಂದೆ ಹುಟ್ಟಿದ್ದೂ ಅಲ್ಲೇ. ಚೀನಾದ ಜೊತೆ ಯುದ್ಧವಾದಾಗ ಪೊಲೀಸರು ಬಂದು, ಎರಡು ದಿನ ಬಂದು ಹೋಗಿ ಅಷ್ಟೇ ಎಂದು ಹೇಳಿ, ಓಣಿಯ ಚೀನೀ ಮನೆಗಳನ್ನೆಲ್ಲ ಖಾಲಿ ಮಾಡಿಸಿ ರೈಲಿಗೆ ಹತ್ತಿಸಿದರು. ಇಳಿಸಿದ್ದು ರಾಜಸ್ಥಾನದ ಮರಳಿನಲ್ಲಿ, ತಂತಿಬೇಲಿಯ ಒಳಗೆ. ವರ್ಷಗಟ್ಟಲೆ. ನಿಮ್ಮ ತಂದೆ ಅಲ್ಲೇ ಮಣ್ಣಾದರು. ಬಿಟ್ಟಮೇಲೆ ಹೋಗಿ ನೋಡಿದರೆ ನಿಮ್ಮ ಮನೆಯಲ್ಲಿ ಬೇರೆಯವರಿದ್ದರು. ಸೊಲ್ಲಾಪುರದಲ್ಲಿ ಹಲ್ಲಿನ ಅಂಗಡಿ ಇಟ್ಟಿದ್ದ ಚಿಕ್ಕಪ್ಪನನ್ನು ಹುಡುಕಿಕೊಂಡು ನೀವು, ನಿಮ್ಮ ಅವ್ವ, ನಿಮ್ಮ ತಂಗಿ ಬಂದಿರಿ. ಕನ್ನಡ ನಿಮ್ಮ ಬಾಯಿಗೆ ಬಂದದ್ದು ಆ ಊರಿನ ಓಣಿಯಲ್ಲೇ. "ಆ ಬೇಲಿ ಒಳಗ ನಮ್ಮವ್ವ ಸರದಾರನ ಕಥಿ ಹೇಳತಿದ್ಲು ಸುವರ್ಣಾ. ನಾ ಕೇಳಿದೆ, ಅವ್ವಾ, ನಾವೇನ ಮಾಡೀವಿ? ಅವಳಂದ್ಲು, ಸರದಾರ ಏನ ಮಾಡಿದ್ದ?" ಇಷ್ಟು ಹೇಳಿ ನೀವು ಜೋಳದ ಗರಿ ಹರಿದು ಹರಿದು ಚೂರು ಮಾಡಿದಿರಿ. ನಾನು ನಿಮ್ಮ ಕಡೆ ನೋಡಲಾರದೆ ಬಸ್ಸಿನ ಕಡೆ ನೋಡಿದೆ.

ಅಕ್ಕಲಕೋಟೆಗೆ ಬಂದ ಮೇಲೂ, ಚೀನೀ ಎಂಬ ಕಾರಣಕ್ಕೆ, ನೀವು ಪ್ರತಿವರ್ಷ ಪೊಲೀಸ್ ಠಾಣೆಗೆ ಹೋಗಿ ಮುಖ ತೋರಿಸಿ ಬರಬೇಕಿತ್ತಂತೆ. ಜೊತೆಗೆ ಹೋಗುತ್ತಿದ್ದವರು ಅಪ್ಪ. ಅಂಗಡಿ ಮುಚ್ಚಿ, ಒಗೆದ ಟೊಪ್ಪಿಗೆ ಹಾಕಿಕೊಂಡು ಹೋಗಿ ಫೌಜದಾರನ ಎದುರು ನಿಂತು, "ನಮ್ಮವ ರೀ ಇವ. ನನ್ನ ಹೇಣ್ತಿ ಅಣ್ಣ" ಎನ್ನುತ್ತಿದ್ದರಂತೆ. ಇದನ್ನು ಹೇಳುವಾಗ ನಿಮ್ಮ ಮುಖ ಹೇಗೆ ಅರಳುತ್ತಿತ್ತು… ಆ ಮನುಷ್ಯ ಎಲ್ಲಿ ಹೋದ ಮಾಮಾ? ಅವನನ್ನು ನಾನೂ ಹುಡುಕುತ್ತಿದ್ದೇನೆ.

ಒಂದು ದೀಪಾವಳಿ. ಅವ್ವ ಕರಂಜಿ ಕರಿಯುತ್ತಿದ್ದಳು. ನೀವು ಒಲೆಯ ಮುಂದೆ ಬಂದು ಕೂತು, "ಸರೀ ಸ್ವಲ್ಪ, ಇವತ್ತ ಮಂತ್ರೀನ ಕರೀತೀನಿ" ಎಂದಿರಿ. ಹಿಟ್ಟಿನ ಎರಡು ಎಳೆಗಳನ್ನು ಒಂದಕ್ಕೊಂದು ಒತ್ತಿ ಎಣ್ಣೆಗೆ ಬಿಟ್ಟಿರಿ. ಅವು ಉಬ್ಬಿ ಹೊರಳಾಡಿದವು. ಒಂದು ಮಂತ್ರಿ, ಇನ್ನೊಂದು ಅವನ ಹೆಂಡತಿ. ಸರದಾರನನ್ನು ಕೊಲ್ಲಿಸಿದವರ ಮೇಲಿನ ಸಿಟ್ಟಿಗೆ ನಿಮ್ಮ ಹಿರಿಯರ ನಾಡಿನ ಜನ ಇವತ್ತಿಗೂ ಹೀಗೆ ಕರಿದು ತಿನ್ನುತ್ತಾರೆಂದಿರಿ. ಅಪ್ಪ ಹೊಸದಾಗಿ ನಿಮ್ಮಿಂದ ಕಟ್ಟಿಸಿಕೊಂಡ ಹಲ್ಲಿನಲ್ಲಿ ಅದನ್ನು ಕರಕರ ಕಡಿಯುತ್ತ, "ಕಥಿ ಪೂರಾ ಹೇಳೋ ಚೆನ್ನಪ್ಪಾ" ಅಂದರು. ನೀವು ಹೇಳಿದಿರಿ. ಸರದಾರನ ದಂಡು ಊರೂರು ದಾಟುವಾಗ ಚಳಿಗೆ ಸತ್ತರೂ ರೈತರ ಮನೆಯ ಕಟ್ಟಿಗೆ ಮುಟ್ಟುತ್ತಿರಲಿಲ್ಲ, ಹಸಿವೆಯಿಂದ ಸತ್ತರೂ ಒಂದು ಹಿಡಿ ಕಾಳು ಕಸಿಯುತ್ತಿರಲಿಲ್ಲ. ಗುಡ್ಡ ಅಲುಗಾಡಿಸಬಹುದು, ಇವನ ದಂಡನ್ನು ಅಲುಗಾಡಿಸಲಾಗದು ಎಂದು ವೈರಿಗಳೇ ಅನ್ನುತ್ತಿದ್ದರು. ಹಳೆಯ ರಾಜಧಾನಿ ಇನ್ನೇನು ಕೈಗೆ ಬಂತು ಅನ್ನುವಾಗ ರಾಜನಿಂದ ಬಂಗಾರದ ಫಲಕ ಬಂತು, ತಿರುಗಿ ಬಾ ಎಂದು. ಒಂದರ ಹಿಂದೆ ಒಂದು, ಒಂದೇ ದಿನ ಹನ್ನೆರಡು ಫಲಕ.

"ಯಾಕ? ಗೆಲ್ಲಾವನ್ನ ಯಾಕ ಕರೀತಾರ?" ಎಂದು ಅಪ್ಪ ತಿನ್ನುವುದನ್ನು ನಿಲ್ಲಿಸಿದರು.

"ಗೆದ್ದರ ಹಿಡಕೊಂಡ ಹೋದ ಹಳೀ ರಾಜಾ ತಿರಗಿ ಬರ್ತಾನಲ್ಲ ಶಿವಪ್ಪಾ. ಕುರ್ಚಿ ಬಿಡಬೇಕಾಗತದ."

ಸರದಾರ ಬಂದ. ಮಂತ್ರಿ ಅವನನ್ನು ದ್ರೋಹಿ ಎಂದು ಸೆರೆಗೆ ಹಾಕಿಸಿದ. ವಿಚಾರಣೆಯಲ್ಲಿ ಸರದಾರ ಮಾತಾಡಲಿಲ್ಲ, ಅಂಗಿ ಹರಿದು ಬೆನ್ನು ತೋರಿಸಿದ. ಅವನ ಜೊತೆಗಾರ ಸೇನಾಪತಿಯೊಬ್ಬ ಮಂತ್ರಿಯ ಮನೆಗೆ ಹೋಗಿ ಕೇಳಿದ, ಇವನು ದ್ರೋಹ ಮಾಡಿದ್ದಕ್ಕೆ ಏನು ಸಾಕ್ಷಿ ಇದೆ? ಮಂತ್ರಿ ಅಂದ, "ಇರಬಹುದು." ಅಷ್ಟೇ. ಆ ಒಂದು ಮಾತಿನ ಮೇಲೆ ಸರದಾರನನ್ನು ಸೆರೆಮನೆಯಲ್ಲೇ ಮುಗಿಸಿದರು.

ಅಪ್ಪ ತಟ್ಟೆಯನ್ನು ದೂಡಿದ್ದನ್ನು ನಾನು ಕಣ್ಣಾರೆ ಕಂಡೆ. "ಇರಬಹುದು ಅಂದ್ರ? ಅದೇನ ನ್ಯಾಯೇನೋ? ಅದ ಅನ್ಬೇಕು, ಇಲ್ಲಂದ್ರ ಇಲ್ಲ ಅನ್ಬೇಕು. ಗಂಡಸ ಆಡೂ ಮಾತೇನ ಇದು?" ಹಾಗೆ ಸಿಟ್ಟಿಗೆದ್ದವರು ನನ್ನ ಅಪ್ಪ. ನೀವು ಅವರನ್ನು ಸಮಾಧಾನ ಮಾಡಬೇಕಾಯಿತು, ಇದೆಲ್ಲ ನೂರಾರು ವರ್ಷದ ಹಿಂದಿನ ಮಾತು, ಆಮೇಲೆ ಹೊಸ ರಾಜ ಬಂದು ಸರದಾರನಿಗೆ ಗೋರಿ ಕಟ್ಟಿಸಿದ, ಅದರ ಮುಂದೆ ಮಂತ್ರಿಯನ್ನೂ ಅವನ ಹೆಂಡತಿಯನ್ನೂ ಕಬ್ಬಿಣದಲ್ಲಿ ಎರಕ ಹೊಯ್ದು ಮಂಡಿಯೂರಿಸಿದ್ದಾರೆ, ಬಂದವರೆಲ್ಲ ಅವರ ಮೇಲೆ ಉಗುಳುತ್ತಿದ್ದರು ಎಂದು. "ಉಗಳಬೇಕ" ಅಂದರು ಅಪ್ಪ. ಅಂದು ಮತ್ತೊಂದು ತಟ್ಟೆ ತಿಂದರು.

ಇನ್ನು ಆ ವರ್ಷಕ್ಕೆ ಬರಬೇಕು. ಬರೆಯಲು ಕೈ ಹಿಂದೇಟು ಹಾಕುತ್ತದೆ. ರೋಗದ ವರ್ಷ. ಗುಡಿ ಮುಚ್ಚಿತ್ತು, ಯಾತ್ರಿಕರಿರಲಿಲ್ಲ, ಅಪ್ಪನ ಚಾದರಗಳ ಮೇಲೆ ಧೂಳು ಕೂತಿತ್ತು. ಮೊದಲೇ ಜನ ನಿಮ್ಮ ಅಂಗಡಿ ಮುಂದೆ ಹಾಯುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದರು, ರೋಗ ನಿಮ್ಮ ಮುಖದಿಂದಲೇ ಬಂದಂತೆ. ಅಷ್ಟರಲ್ಲಿ ಚೀನಾದ ಗಡಿಯಲ್ಲಿ ನಮ್ಮ ಸೈನಿಕರು ಸತ್ತ ಸುದ್ದಿ ಬಂತು. ನೀವು ಆ ದಿನ ಊಟ ಮಾಡಲಿಲ್ಲ. ಅದನ್ನು ನೋಡಿದವರು ನಾನು, ಅವ್ವ, ಅಪ್ಪ. ಬೇರೆ ಯಾರಿದ್ದರು?

ಎರಡು ದಿನದ ಮೇಲೆ ಚೌಕದಲ್ಲಿ ಹುಡುಗರು ಯಾರದೋ ಹಳೆ ಚೀನೀ ಟಿ.ವಿ. ತಂದು ಒಡೆದರು. ಅಲ್ಲಿಂದ ಘೋಷಣೆ ಕೂಗುತ್ತ ನಮ್ಮ ಕಡೆ ಬಂದರು. ಮುಂದೆ ಇದ್ದವನು ನಮ್ಮ ದೊಡ್ಡಪ್ಪನ ಮಗ ಮಹೇಶ. ನೀವು ಬಾಗಿಲಲ್ಲಿ ನಿಂತಿದ್ದಿರಿ, ಕೈಗೆ ಪ್ಲಾಸ್ಟರ್ ಮೆತ್ತಿತ್ತು. ನಾನು ನಿಮ್ಮ ಹಿಂದೆ. ಅವರು ನಿಮ್ಮ ಕಡೆ ಬರಲಿಲ್ಲ, ಅಪ್ಪನ ಗಲ್ಲೆಯ ಮುಂದೆ ನಿಂತರು. ಮಹೇಶ ಕೇಳಿದ, "ಕಾಕಾ, ನೀವು ನಲವತ್ತ ವರ್ಷದಿಂದ ನೋಡಾಕತ್ತೀರಿ. ಖರೇ ಹೇಳ್ರಿ. ಈತಗ ಅಲ್ಲಿ ಚೀನಾದಾಗ ಸಂಬಂಧ ಅದ ಏನು? ಸುದ್ದಿ ಪದ್ದಿ ಕಳಸ್ತಾನೇನು?"

ನನಗೆ ಹೆದರಿಕೆಯೇ ಆಗಲಿಲ್ಲ ಮಾಮಾ. ಅಪ್ಪ ಇದ್ದಾರಲ್ಲ ಎಂದುಕೊಂಡೆ. ಈಗ ಎದ್ದು ಬೈಯುತ್ತಾರೆ, ನಮ್ಮವ ಅನ್ನುತ್ತಾರೆ. ನೀವೂ ಹಾಗೆಯೇ ಅಂದುಕೊಂಡಿದ್ದಿರಿ, ಅಲ್ಲವೇ? ನಿಮ್ಮ ತುಟಿಯಲ್ಲಿ ನಗೆಯಂಥದೊಂದು ಆಗಲೇ ಬಂದಿತ್ತು.

ಅಪ್ಪ ಟಾವೆಲ್ಲಿನ ಗಂಟು ಬಿಚ್ಚಿದರು, ಕಟ್ಟಿದರು. ಮುಖ ಎತ್ತಲಿಲ್ಲ.

"ಇರಬಹುದು" ಅಂದರು. "ನನಗೇನ ಗೊತ್ತಪಾ…"

ಆ ನಗೆ ನಿಮ್ಮ ತುಟಿಯ ಮೇಲೆ ಹಾಗೇ ನಿಂತಿತು. ಯಾರೂ ನಿಮ್ಮನ್ನು ಹೊಡೆಯಲಿಲ್ಲ, ಕಲ್ಲು ಎಸೆಯಲಿಲ್ಲ. ಹೊಡೆದಿದ್ದರೆ ನಾನು ಅಡ್ಡ ನಿಲ್ಲುತ್ತಿದ್ದೆ, ಅಪ್ಪನೂ ಎದ್ದು ಬರುತ್ತಿದ್ದರೋ ಏನೋ. ಹುಡುಗರು, "ಬೋರ್ಡ ಇಳಸ್ರಿ" ಎಂದರು. ನೀವು ಕೈ ತೊಳೆದುಕೊಂಡು ಅಪ್ಪನ ಅಂಗಡಿಯ ಮುಂದೆ ಹೋಗಿ ಮೆಲ್ಲಗೆ ಕೇಳಿದಿರಿ. "ಶಿವಪ್ಪಾ, ನಿನ್ನ ನಿಚ್ಚಣಿಕಿ ಕೊಡತೀಯೇನು?" ಅಪ್ಪ ಒಳಗಿನಿಂದ ನಿಚ್ಚಣಿಕೆ ತಂದು ಕೊಟ್ಟರು. ತಂದು ಕೊಟ್ಟರು, ಮಾಮಾ! ಗೋಡೆಗೆ ಆನಿಸಿ ಒಳಗೆ ಹೋದರು. ನೀವು ಹತ್ತಿದಿರಿ, ನಾನು ಕೆಳಗೆ ಹಿಡಿದುಕೊಂಡೆ. ಮೊಳೆ ಜಂಗು ಹಿಡಿದಿತ್ತು, ಬೇಗ ಬರಲಿಲ್ಲ.

ರೈಲು ಮತ್ತೆ ಓಡತೊಡಗಿದ ಕೂಡಲೇ ನೀವು ಕಲಕತ್ತೆಗೆ ಹೊರಟಿರಿ, ಮದುವೆಯಾಗಿ ಅಲ್ಲಿಗೆ ಹೋಗಿದ್ದ ನಿಮ್ಮ ಒಡಹುಟ್ಟಿದ ತಂಗಿಯ ಮಗಳು ಲಿಲಿಯ ಹತ್ತಿರ. ರಾಖಿ ಹುಣ್ಣಿಮೆ ಹತ್ತಿರವಿತ್ತು. "ಹುಣ್ಣಿಮಿ ಮಾಡ್ಕೊಂಡ ಹೋಗಣ್ಣಾ" ಎಂದು ಅವ್ವ ನಿಮ್ಮ ಚೀಲ ಹಿಡಿದುಕೊಂಡಳು. "ಬ್ಯಾಡ ತಂಗೆವ್ವಾ. ಈ ಸಲ ನನಗ ಕಟ್ಟಿದ್ರ ನಾಳಿ ನಿನ್ನನ್ನೂ ಕೇಳತಾರ" ಎಂದು ನೀವು ಅವಳ ಬೆರಳು ಒಂದೊಂದಾಗಿ ಬಿಡಿಸಿದಿರಿ. ನನ್ನ ಕೈಗೆ ಹಲ್ಲು ಉಜ್ಜಿ ನಯಮಾಡುವ ನಿಮ್ಮ ಅರ, ಮೇಣದ ಚಾಕು, ಅಚ್ಚಿನ ಬಟ್ಟಲು ಎಲ್ಲ ಕೊಟ್ಟು, "ಕೆಲಸ ಬಿಡಬ್ಯಾಡ" ಎಂದಿರಿ. ಅಪ್ಪ ಸಂಡಾಸಿಗೆ ಹೋದವರು ನೀವು ರಿಕ್ಷಾ ಹತ್ತುವ ತನಕ ಹೊರಗೆ ಬರಲಿಲ್ಲ. ನೀವು ಸ್ವಲ್ಪ ಹೊತ್ತು ಕಾದಿರಿ. ನಾನು ನೋಡಿದೆ, ಕಾದಿರಿ. ಆಮೇಲೆ ಅವ್ವ ಅಪ್ಪನ ಎದುರು ನಿಂತು ಅಂದದ್ದು ಒಂದೇ ಮಾತು. "ನನ್ನ ತವರಿಗಿ ಕೀಲಿ ಹಾಕಿದ್ರಿ."

ನಿಮ್ಮ ಖೋಲಿ ಬಹಳ ದಿನ ಖಾಲಿ ಉಳಿಯಲಿಲ್ಲ. ಮಹೇಶ ಅಲ್ಲಿ ಮೊಬೈಲ್ ಅಂಗಡಿ ಇಟ್ಟ. ನೀವು ಹಲ್ಲುಗಳನ್ನು ಜೋಡಿಸಿಡುತ್ತಿದ್ದ ಗಾಜಿನ ಕಪಾಟಿನಲ್ಲಿ ಫೋನುಗಳು ಬಂದು ಕೂತವು. ಅವು ಯಾವ ದೇಶದಿಂದ ಬಂದವು ಎಂದು ಯಾರೂ ಘೋಷಣೆ ಕೂಗಿ ಕೇಳಲಿಲ್ಲ. ನಾನು ಸೊಲ್ಲಾಪುರಕ್ಕೆ ಹೋಗಿ ಒಂದು ಹಲ್ಲಿನ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ, ಅಲ್ಲೇ ಖೋಲಿ ಹಿಡಿದೆ. ಹಬ್ಬಕ್ಕೆ ಅಷ್ಟೇ ಮನೆಗೆ ಬರುತ್ತಿದ್ದೆ. ಅಪ್ಪನ ಜೊತೆ ಮಾತು ನಿಲ್ಲಿಸಿದೆ. ನೀವು ಕಟ್ಟಿಕೊಟ್ಟ ಹಲ್ಲಿನಿಂದ ಅವರು ಊಟ ಮಾಡುವುದನ್ನು ನೋಡಿದರೆ ನನಗೆ ಎದ್ದು ಹೋಗಬೇಕೆನ್ನಿಸುತ್ತಿತ್ತು. "ಆ ಮಂತ್ರಿ ಹಾಂಗ ಇವರನ್ನೂ ಕಬ್ಬಿಣದಾಗ ಮಾಡಿ ಚೌಕದಾಗ ಕೂಡ್ರಸಬೇಕವ್ವಾ" ಎಂದೆ ಒಂದು ಸಲ. ಅವ್ವ ರೊಟ್ಟಿ ಬಡಿಯುತ್ತಿದ್ದಳು. "ಕಬ್ಬಿಣದ ಮೂರ್ತಿಗಿ ಉಣ್ಣಾಕ ಹಾಕೂದಿರೂದಿಲ್ಲವ್ವಾ. ನಾ ಇವರಿಗಿ ದಿನಾ ರೊಟ್ಟಿ ಬಡೀಬೇಕು." ಅವಳ ಸಿಟ್ಟು ನನ್ನದಕ್ಕಿಂತ ದೊಡ್ಡದೆಂದು ಆಗ ತಿಳಿಯಿತು.

ನೀವು ಫೋನು ಮಾಡುತ್ತಿದ್ದಿರಿ, ಹವಾಮಾನ ಕೇಳುತ್ತಿದ್ದಿರಿ, ಜೋಳ ಹೇಗಿದೆ ಎನ್ನುತ್ತಿದ್ದಿರಿ. ಆಮೇಲೆ ಫೋನುಗಳು ಕಡಿಮೆಯಾದವು. ಹೋದ ವರ್ಷ ಮಳೆಗಾಲದಲ್ಲಿ ಲಿಲಿ ಫೋನು ಮಾಡಿದಳು, ಹಿಂದಿಯಲ್ಲಿ. ನೀವು ಹೋಗಿಬಿಟ್ಟಿರಿ, ಅಲ್ಲಿಯ ಚೀನೀ ಸ್ಮಶಾನದಲ್ಲಿ ಮಣ್ಣು ಮಾಡಿದೆವು ಎಂದಳು. ಅತ್ತಳು. ಅತ್ತು ಮುಗಿದ ಮೇಲೆ ಒಂದು ಸಂಗತಿ ಕೇಳಿದಳು. ಕೊನೆಯ ದಿನಗಳಲ್ಲಿ ನೀವು ಒಂದೇ ಸಮನೆ ಏನೋ ಮಾತಾಡುತ್ತಿದ್ದಿರಂತೆ. ದವಾಖಾನೆಯವರು ಚೀನೀ ಭಾಷೆ ಇರಬೇಕೆಂದುಕೊಂಡರು. ಲಿಲಿಗೆ ನಿಮ್ಮ ಮನೆಮಾತು ಬರುತ್ತದೆ, ಅದು ಅದಾಗಿರಲಿಲ್ಲ. ಹಿಂದಿಯಲ್ಲ, ಬಂಗಾಲಿಯಲ್ಲ. "ದೀದಿ, ನಾನು ರೆಕಾರ್ಡ್ ಮಾಡಿ ಇಟ್ಟಿದ್ದೇನೆ, ನೀವು ಕೇಳಿ ನೋಡಿ" ಎಂದು ಕಳಿಸಿದಳು.

ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಕೇಳಿದೆ. ನಿಮ್ಮ ಧ್ವನಿ ತೆಳ್ಳಗಾಗಿತ್ತು, ಮಾತು ಮಾತ್ರ ನಮ್ಮ ಓಣಿಯದೇ. "ಶಿವಪ್ಪಾ… ಏ ಶಿವಪ್ಪಾ… ಅಂಗಡಿ ಬಾಗ್ಲಾ ಯಾಕ ಹಾಕಿದಿ? ಗಿರಾಕಿ ನಿಂತಾರ ನೋಡು. ಬಾ, ಚಹಾ ಕುಡದ ಕೂಡ್ರೂಣು… ಆ ಹುಡುಗೂರ ಮಾತ ಬಿಡು. ನೀ ಅಂಜಬ್ಯಾಡ…"

ನನಗೆ ನಿಮ್ಮ ಮೇಲೂ ಸಿಟ್ಟು ಬಂತು ಮಾಮಾ. ಹೇಳಿಬಿಡುತ್ತೇನೆ. ಸಾಯುವಾಗ ನೆನಪಾದದ್ದು ಆ ಮನುಷ್ಯನೇ? ನಿಚ್ಚಣಿಕೆ ಹಿಡಿದ ನಾನಲ್ಲ, ಚೀಲ ಹಿಡಿದ ಅವ್ವನಲ್ಲ? ನಾವು ನಿಮ್ಮ ಪರವಾಗಿ ಸಿಟ್ಟು ಹಿಡಿದುಕೊಂಡು ಕೂತಿದ್ದರೆ ನೀವು ಅಲ್ಲಿ ಅವರಿಗೆ ಧೈರ್ಯ ಹೇಳುತ್ತಿದ್ದಿರೇ? ಸರದಾರನಾದರೂ ಮಂತ್ರಿಯನ್ನು ಚಹಾಕ್ಕೆ ಕರೆಯಲಿಲ್ಲ. ಅವ್ವನಿಗೆ ಕೇಳಿಸಿದೆ. ಅಪ್ಪನಿಗೆ ಕೇಳಿಸಲಿಲ್ಲ. ಕೇಳಿಸಿದರೆ ಅವರು ಹಗುರಾಗುತ್ತಾರೆ, ಹಗುರಾಗಬಾರದು ಎಂದು ಗಟ್ಟಿಯಾಗಿ ಹಿಡಿದುಕೊಂಡೆ. ನೀವು ತೀರಿಕೊಂಡ ಸುದ್ದಿಯನ್ನಷ್ಟೇ ಅವ್ವ ಅವರಿಗೆ ಹೇಳಿದಳು. ಅವರು ಆ ದಿನ ಅಂಗಡಿ ತೆಗೆಯಲಿಲ್ಲವಂತೆ.

ಈ ಪಂಚಮಿಗೆ ಮನೆಗೆ ಹೋದಾಗ ಅವ್ವ ನನ್ನ ಎದುರು ಬಂದು ಕೂತಳು. "ಸುವರ್ಣಾ, ಅದು ಅವರಿಗಿ ಕಳಿಸಿದ ಮಾತು. ನಿಂದಲ್ಲ, ನಂದಲ್ಲ. ಕೊಟ್ಟುಬಿಡು." ನಾನು ಎದ್ದು ಅಪ್ಪನ ಮುಂದೆ ಫೋನು ಇಟ್ಟೆ. ಅವರು ತಲೆ ಬಗ್ಗಿಸಿ ಕೇಳಿದರು. "ಇನ್ನೊಮ್ಮಿ ಹಚ್ಚು" ಎಂದರು. ಇನ್ನೊಮ್ಮೆ ಹಚ್ಚಿದೆ. ಅಷ್ಟು ವರ್ಷದಿಂದ ಒಳಗಿದ್ದ ಪ್ರಶ್ನೆಯನ್ನು ಆಗ ಕೇಳಿದೆ, ಯಾಕ ಹಾಂಗ ಅಂದ್ರಿ ಅಪ್ಪಾ?

ಅವರು ಫೋನನ್ನು ನನ್ನ ಕಡೆ ಸರಿಸಿದರು. "ಇಲ್ಲ ಅಂದಿದ್ರ ಆ ಹುಡುಗೂರು ನನ್ನ ಅಂಗಡಿಗಿ ಬರ್ತಿದ್ರವ್ವಾ. ಅದ ಅಂದಿದ್ರ ಸುಳ್ಳಾಗತಿತ್ತು. ನಡುವ ಒಂದ ಮಾತ ಸಿಕ್ತು. ಅದನ್ನ ಆಡಿದೆ." ಅದೇ ಉತ್ತರ. ದ್ವೇಷವಲ್ಲ, ಲೋಭವೂ ಅಲ್ಲ. ಲೋಭವಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನಡುವೆ ಒಂದು ಮಾತು ಸಿಕ್ಕಿತಂತೆ…

ಆಮೇಲೆ ಆದದ್ದು ನಿಮಗೆ ಗೊತ್ತಿಲ್ಲದ ಸುದ್ದಿ. ಅಪ್ಪ ಎದ್ದು ಟೊಪ್ಪಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿ ಅಂಗಡಿಯ ಕಡೆ ನಡೆದರು. ನಾನು ಹಿಂದೆ ಹೋದೆ. ಮಹೇಶನ ಅಂಗಡಿಯಲ್ಲಿ ಅವನ ಗೆಳೆಯರು ಚಹಾ ಕುಡಿಯುತ್ತಿದ್ದರು, ಆ ದಿನ ಬಂದವರಲ್ಲಿ ಕೆಲವರು. ಅಪ್ಪ ಬಾಗಿಲಲ್ಲಿ ನಿಂತು, ದೊಡ್ಡ ಧ್ವನಿಯಲ್ಲಿ, ರಸ್ತೆಯಲ್ಲಿದ್ದವರಿಗೂ ಕೇಳುವಂತೆ ಹೇಳಿದರು. "ಚೆನ್ನಪ್ಪಗ ಚೀನಾದ ಸಂಬಂಧ ಏನೂ ಇರ್ಲಿಲ್ಲ. ನನಗ ಅಂದೇ ಗೊತ್ತಿತ್ತು. ನಾ ಅಂಜಿ ಅಡ್ಡಮಾತ ಆಡೀನಿ. ಅವ ನಮ್ಮವ ಇದ್ದ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಫೋನಿನಿಂದ ಕಣ್ಣೆತ್ತಿ ಕೇಳಿದ, "ಯಾವ ಚೆನ್ನಪ್ಪ ರೀ ಕಾಕಾ?" ಇನ್ನೊಬ್ಬ, "ಆ ಹಲ್ಲಿನಾವೇನು? ಅವಾ ಮಗನ ಕಡೆ ಹ್ವಾದ ಅಂದ್ರಲ್ಲ" ಎಂದ. ನಿಮಗೆಲ್ಲಿಯ ಮಗ! ಮಹೇಶನ ಮುಖ ಮಾತ್ರ ಕೆಂಪಾಯಿತು. "ಅದೆಲ್ಲಾ ಹಳೀ ಮಾತು ಕಾಕಾ. ನಾವೇನ ಹೋಗು ಅಂದಿದ್ವೇನು? ಅವ ತಾನಽ ಹ್ವಾದ. ಬರ್ರಿ, ಚಹಾ ತಗೋರಿ." ಅಪ್ಪನ ಕೈಗೆ ಒಂದು ಕಪ್ಪು ಕೊಟ್ಟರು. ಅಪ್ಪ ಅದನ್ನು ಹಿಡಿದುಕೊಂಡು ನಿಂತೇ ಇದ್ದರು. ಅವರಿಗೆ ಯಾರೂ ಬೈಯಲಿಲ್ಲ. ಬೈಯಲು ಯಾರಿಗಾದರೂ ನೆನಪಿರಬೇಕಲ್ಲ? ನಿಮ್ಮನ್ನು ಓಡಿಸಿದ್ದನ್ನೂ ಈ ಊರು ಮರೆತಿದೆ ಮಾಮಾ. ಅಂದು ಬರದ ಅಳು ನನಗೆ ಆಗ ಬಂತು.

ನಾಳಿದ್ದು ನಾನೂ ಅವ್ವನೂ ಸೊಲ್ಲಾಪುರದಿಂದ ಕಲಕತ್ತೆಗೆ ಹೊರಡುತ್ತೇವೆ. ಅವ್ವ ಪಂಢರಪುರ ಬಿಟ್ಟು ಆಚೆ ಹೋದವಳಲ್ಲ, ಆದರೂ ಬುತ್ತಿಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಕಟ್ಟಿದ್ದಾಳೆ. ಹೌರಾದಲ್ಲಿ ಲಿಲಿ ಬಂದು ಕರೆದುಕೊಂಡು ಹೋಗುತ್ತಾಳೆ. ನೀವು ಮಲಗಿರುವಲ್ಲಿ ನಿಮ್ಮ ಹೆಸರನ್ನು ಚೀನೀ ಅಕ್ಷರದಲ್ಲಿ ಕೆತ್ತಿದ್ದಾರಂತೆ. ಅದರ ಕೆಳಗೆ ಕನ್ನಡದಲ್ಲೂ ಕೆತ್ತಿಸಿ ಬರುತ್ತೇನೆ, ಇದು ನನ್ನ ಮಾತು.

ಅಪ್ಪ ನಿನ್ನೆಯಿಂದ ತಮ್ಮ ಕೈಚೀಲ ತುಂಬಿಕೊಂಡು ಕಟ್ಟೆಯ ಮೇಲೆ ಕೂತಿದ್ದಾರೆ. ಬರಲೇನು ಎಂದು ಅವರು ಕೇಳಿಲ್ಲ. ಬರ್ರಿ ಎಂದು ನಾನೂ ಇನ್ನೂ ಅಂದಿಲ್ಲ.

ನಿಮ್ಮ ತಂಗಿಯ ಮಗಳು,
ಸುವರ್ಣಾ